ನಡುರಾತ್ರಿ ಮೀನಖಂಡ ಹಿಡಿಯುತ್ತಿದೆಯಾ?
ಬಸಿರಲ್ಲಿ ದಿನ ತುಂಬುತ್ತಾ ಬಂದಾಗ ನಿದ್ದೆಯಲ್ಲಿ ಮೀನಖಂಡ ಕಲ್ಲಿನಂತಾಗುತ್ತದೆ, ಅಲ್ವಾ? ಮಲಗುವ ಮುಂಚೆ ಗೋಡೆಗೆ ಎರಡೂ ಅಂಗೈ ಊರಿ ನಿಲ್ಲಿ. ಒಂದು ಕಾಲು ಹಿಂದಕ್ಕಿಡಿ, ಹಿಮ್ಮಡಿ ನೆಲ ಬಿಡಬಾರದು. ಮುಂದಿನ ಮಂಡಿ ಮೆಲ್ಲಗೆ ಬಗ್ಗಿಸಿ. ಹಿಂದಿನ ಕಾಲು ಹಿತವಾಗಿ ಎಳೆದಂತಾದರೆ ಸಾಕು, 20-30 ಸೆಕೆಂಡು ಹಾಗೇ ಇರಿ. ಉಸಿರು ಬಿಗಿ ಹಿಡಿಯಬೇಡಿ. ಆಮೇಲೆ ಇನ್ನೊಂದು ಕಾಲು.

ಜಾಸ್ತಿ ಎಳೆದರೆ ಜಾಸ್ತಿ ಲಾಭ ಅಂತ ನಾನೂ ಅಂದುಕೊಂಡಿದ್ದೆ. ತಪ್ಪು. ಈಗ ಕೀಲುಗಳು ಮೊದಲೇ ಸಡಿಲ, ಸುಮ್ನೆ ಜಗ್ಗಬೇಡಿ. ಅಂಗಾತ ಮಲಗಿ ಮಾಡುವ ವ್ಯಾಯಾಮವೂ ಬೇಡ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

ರಕ್ತ ಕಂಡರೆ, ನೀರು ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಬಿಡದೇ ಇದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ.