ಸ್ಲೀವ್ ಸರ್ಜರಿ ಆದಮೇಲೆ ಮತ್ತೆ ಮುದ್ದೆ ಉಂಡದ್ದು

ಮಂಡ್ಯ ಕಡೆಯವಳು ನಾನು. ತೂಕ ಇಳಿಸಲು ಮಾಡುವ ಸ್ಲೀವ್ ಸರ್ಜರಿ ನಿಗದಿಯಾದ ಮೇಲೆ ಡಯಟೀಷಿಯನ್ ಹತ್ತಿರ ಮೊದಲು ಕೇಳಿದ್ದೇ ಮುದ್ದೆ ಯಾವಾಗ ಉಣ್ಣಬಹುದು ಅಂತ. "ಉಣ್ಣಬಹುದಮ್ಮ, ಆದರೆ ಎಲ್ಲದರ ಕೊನೆಗೆ" ಅಂದರು. ನಮ್ಮನೆಯಲ್ಲಿ ದಿನಾ ಏನೇನು ಅಡುಗೆ ಆಗುತ್ತದೆಂದು ಬರೆಸಿಕೊಂಡು, ಅದರಿಂದಲೇ ಚಾರ್ಟ್ ಮಾಡಿಕೊಟ್ಟರು. ನಾನು ಅದನ್ನು ಬಿಡದೆ ಪಾಲಿಸಲು ಇದೇ ಕಾರಣ.

ಈ ಸರ್ಜರಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಉಳಿಯುವುದು ಕಿರಿದಾದ ಕೊಳವೆ. ಅದರ ಹೊಲಿಗೆ ಮಾಯುವ ತನಕ ಗಟ್ಟಿ ಪದಾರ್ಥ ಕೂಡದು. ಮೊದಲ 2 ವಾರ ತಿಳಿ ಮಜ್ಜಿಗೆ, ಸೋಸಿದ ಬೇಳೆಕಟ್ಟು, ಹಾಲಿಗೆ ಕಲಸಿದ ಪ್ರೋಟೀನ್ ಪುಡಿ, ಎಲ್ಲ ಗುಟುಕು ಗುಟುಕಾಗಿ. ಆಮೇಲೆ ನುಣ್ಣಗೆ ರುಬ್ಬಿದ ಹೆಸರುಬೇಳೆ, ಕುಂಬಳಕಾಯಿ. 5ನೇ ವಾರದಿಂದ ಮೊಟ್ಟೆ, ಪನೀರ್, ಮುಳ್ಳು ತೆಗೆದ ಮೀನು. ಹೊಸದು ಒಂದು ಸಲಕ್ಕೆ ಒಂದೇ. ಎದೆಯಲ್ಲಿ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ನೋಡುವುದು. ನನಗೆ ಹಾಗೆ ಹಿಡಿದದ್ದು ಅನ್ನ.

ಮುದ್ದೆ ಕೊನೆಗೆ ಏಕೆ? ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 7. ನಾಲ್ಕೈದು ಚಮಚಕ್ಕೇ ತುಂಬುವ ಹೊಟ್ಟೆಗೆ ಮುದ್ದೆ ಮೊದಲು ಹೋದರೆ ಕಾಳಿಗೆ ಜಾಗವೇ ಇರದು. ಇನ್ನೊಂದು, ನಾವು ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಈ ಜಠರಕ್ಕೆ ನುಂಗಿದ ತುತ್ತು ಆಗದು.

ಎರಡು ತಿಂಗಳು ಕಳೆದ ಮೇಲೆ ಅನುಮತಿ ಸಿಕ್ಕಿತು: ನೆಲ್ಲಿಕಾಯಿ ಗಾತ್ರ, ಮೆತ್ತಗೆ ತೊಳಸಿದ್ದು, ಮೊದಲು ಬಸ್ಸಾರಿನ ಹಲಸಂದೆ ಕಾಳು ತಿಂದು ಆಮೇಲೆ, ಅದೂ ಅಗಿದು. "ಮುದ್ದೆನ ಯಾರಾದ್ರೂ ಅಗಿದು ತಿಂತಾರೇನವ್ವ?" ಅಂದರು ಅತ್ತೆ. ಡಯಟೀಷಿಯನ್ ಅತ್ತೆಯನ್ನೂ ಕರೆದು ಕೂರಿಸಿ ವಿವರಿಸಿದ ಮೇಲೆ, ನನ್ನ ತಟ್ಟೆಗೆ ಕಾಳು ಮೊದಲು ಬಡಿಸುವವರು ಅವರೇ ಆದರು. ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು. ಕಬ್ಬಿಣಾಂಶದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ 2 ಗಂಟೆ ಅಂತರ, ಕಾಫಿ ಎರಡರಿಂದಲೂ ದೂರ. ಬಿ12 ರಕ್ತಪರೀಕ್ಷೆ ಜೀವನಪೂರ್ತಿ ಮಾಡಿಸುತ್ತಿರಬೇಕು.

ತೂಕ ಇಳಿಸುವ ಇನ್ನೊಂದು ಸರ್ಜರಿಯಾದ ಜಠರದ ಬೈಪಾಸ್ (ಹೃದಯದ್ದಲ್ಲ) ಆದವರು ನನ್ನ ಚಾರ್ಟ್ ಕೇಳಿದರೆ ಕೊಡುವುದಿಲ್ಲ. ಅವರಲ್ಲಿ ಸಿಹಿ ಸೀದಾ ಕರುಳಿಗಿಳಿದು ಬೆವರು, ತಲೆಸುತ್ತು, ಭೇದಿ ಆಗುವುದು ಹೆಚ್ಚು. ಅವರ ಲೆಕ್ಕವನ್ನು ಅವರ ಡಯಟೀಷಿಯನ್ನೇ ಹಾಕಬೇಕು.