ಭುಜ ನೋವು ಅಂತ ಬಂದರೆ ನಾನು ಕುತ್ತಿಗೆಯನ್ನೂ ನೋಡುತ್ತೇನೆ

ನಾನು ಫಿಸಿಯೋಥೆರಪಿಸ್ಟ್. ಭುಜ ನೋವು ಅಂತ ಬಂದವರ ಕುತ್ತಿಗೆ ಮುಟ್ಟಿದರೆ, "ಅಲ್ಲೇನೂ ಇಲ್ಲ ಸರ್, ನೋವಿರೋದು ಇಲ್ಲಿ" ಅಂತ ತೋಳು ತೋರಿಸುತ್ತಾರೆ. ಆದರೆ ಕೈ ಎತ್ತುವ ಸ್ನಾಯುಗಳಿಗೆ ನರ ಬರುವುದೇ ಕುತ್ತಿಗೆಯಿಂದ. ಕುತ್ತಿಗೆಯ 4 ಮತ್ತು 5ನೇ ಮೂಳೆಗಳ ನಡುವೆ ಹೊರಬರುವ ನರ ಒತ್ತಿಕೊಂಡರೆ, ನೋವು ಭುಜದ ಹೊರಬದಿಗೆ ಇಳಿಯುತ್ತದೆ.

ಬಟ್ಟೆ ಹೊಲಿಯುವ ಒಬ್ಬರು ಬಂದಿದ್ದರು. ಬಲಗೈ ಎತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಯಾರೋ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡಿದೆ, ಅಂದಿದ್ದರಂತೆ. "ಕೈ ಸಡಿಲ ಬಿಡಿ ಅಮ್ಮ, ನಾನೇ ಎತ್ತುತ್ತೇನೆ" ಅಂದೆ. ಕೈ ಸಲೀಸಾಗಿ ಕಿವಿಯ ಪಕ್ಕದವರೆಗೂ ಹೋಯಿತು. ಮೊಣಕೈ ಮಡಚಿ ಹೊರಗೆ ತಿರುಗಿಸಿದೆ, ಅದೂ ತಡೆಯಲಿಲ್ಲ. ಕೀಲು ಬಿಗಿದುಕೊಂಡಿದ್ದರೆ ಹೀಗಾಗಲ್ಲ. ಹಾಗಾದರೆ ಭುಜದ ಸ್ನಾಯುರಜ್ಜು ಹರಿದಿರಬಹುದೇ? ಮೊಣಕೈ ಮಡಚುವ ಬಲ ನೋಡಿದೆ, ಅದೂ ಕಮ್ಮಿಯಿತ್ತು. ಬರೀ ಭುಜದ ತೊಂದರೆಯಾದರೆ ಸಾಮಾನ್ಯವಾಗಿ ಹೀಗಾಗಲ್ಲ, ನರದ ಅನುಮಾನ ಬಂತು. ನರ ಪರೀಕ್ಷಿಸುವ ರಬ್ಬರ್ ಸುತ್ತಿಗೆಯಿಂದ ಮೊಣಕೈ ಬಳಿ ತಟ್ಟಿದಾಗ ಬಲಗೈ ಎಡಗೈಯಷ್ಟು ಎಗರಲಿಲ್ಲ. ತಲೆಯನ್ನು ಮೆಲ್ಲಗೆ ಹಿಂದಕ್ಕೆ, ಬಲಕ್ಕೆ ವಾಲಿಸಿದಾಗ "ಅದೇ ನೋವು ಸರ್!" ಅಂದರು. ಅವರ ಅಂಗೈಯನ್ನು ಅವರದೇ ನೆತ್ತಿಯ ಮೇಲೆ ಇಟ್ಟೆ. ಹಾಗೆ ಇಟ್ಟಾಗ ನರದ ಮೇಲಿನ ಎಳೆತ ತಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಅವರ ಮುಖದ ಬಿಗಿ ಸಡಿಲವಾಯಿತು. ಒತ್ತಿಕೊಂಡಿದ್ದು ಕುತ್ತಿಗೆಯ ನರ ಅಂತ ಅನ್ನಿಸಿತು.

ನರ ಒತ್ತದಿದ್ದರೂ ಕುತ್ತಿಗೆ ಭುಜವನ್ನು ಕಾಡುತ್ತದೆ. ಕುತ್ತಿಗೆಯಿಂದ ಹೊರಟ ಕೆಲವು ಸ್ನಾಯುಗಳು ಬೆನ್ನ ಮೇಲಿನ ಹಲಗೆ ಮೂಳೆಗೆ ಅಂಟಿಕೊಂಡಿವೆ. ತಲೆ ಮುಂದೆ ಚಾಚಿ ಗಂಟೆಗಟ್ಟಲೆ ಕೂತರೆ ಅವು ಬಿಗಿಯುತ್ತವೆ. ಕೈ ಎತ್ತುವಾಗ ಆ ಮೂಳೆ ತಿರುಗಬೇಕಲ್ವಾ? ಅದು ಸರಿಯಾಗಿ ತಿರುಗದಿದ್ದರೆ ಭುಜ ಒಂಥರಾ ಸಿಕ್ಕಿಕೊಂಡ ಹಾಗೆ ಆಗುತ್ತದೆ.

ಆ ಹೊಲಿಗೆಯವರಿಗೆ ಗೋಡೆ ಹಿಡಿದು ಕೈ ಹತ್ತಿಸುವ ವ್ಯಾಯಾಮ ಸದ್ಯಕ್ಕೆ ಬೇಡ ಅಂದೆ. ಗದ್ದವನ್ನು ಒಳಗೆ ಎಳೆದುಕೊಳ್ಳುವ ಅಭ್ಯಾಸ, ಬೆನ್ನ ಹಲಗೆ ಮೂಳೆಗಳನ್ನು ಹಿಂದಕ್ಕೆ ಕೂಡಿಸುವುದು, ಇವೆರಡನ್ನೇ ಕೊಟ್ಟೆ. ಹೊಲಿಗೆ ಮೆಷಿನ್ ಮುಂದೆ ಬಗ್ಗಿ ಕೂರದಂತೆ ಸ್ಟೂಲಿನ ಎತ್ತರ ಬದಲಿಸಲು ಹೇಳಿದೆ. ಎತ್ತರದ ದಿಂಬು ಬಿಡಿಸಿದೆ. ಮೊದಲು ತೋಳಿನ ನೋವು ಇಳಿಯಿತು, ಬಲ ನಿಧಾನವಾಗಿ ಬಂತು. ಭುಜದ ವ್ಯಾಯಾಮ ಶುರು ಮಾಡಿಸಿದ್ದು ಆಮೇಲೆಯೇ. ಈ ತರದ ನರದ ನೋವು ಹೆಚ್ಚಿನವರಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು.

ಕೈಯ ಬಲ ದಿನೇದಿನೇ ಕುಗ್ಗುತ್ತಿದ್ದರೆ, ನಡಿಗೆ ತಪ್ಪುತ್ತಿದ್ದರೆ, ಮೂತ್ರದ ಹಿಡಿತ ಹೋದರೆ ವ್ಯಾಯಾಮ ಮಾಡಿಸುತ್ತಾ ಕೂರುವುದಿಲ್ಲ, ತಕ್ಷಣ ಆಸ್ಪತ್ರೆಗೆ ಕಳಿಸುತ್ತೇನೆ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರಂತೂ ನನ್ನ ಹತ್ತಿರ ಬರಲೇಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.