ಲೂಪಸ್, ಕ್ಯಾನ್ಸರ್ ಮತ್ತು ಜನಾಂಗದ ಕಾಲಂ: ನನ್ನ ಅನುಭವ

ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರಿಗೆ ಕ್ಯಾನ್ಸರ್ ತಗಲುವ ಸಾಧ್ಯತೆ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆಯೇ ಎಂಬ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಕೆಲಸ ಮಾಡುತ್ತಿದ್ದಾಗ. ಒಟ್ಟಾರೆ ಚಿತ್ರ ಆಗಲೇ ತಿಳಿದಿತ್ತು. 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ 30 ಕೇಂದ್ರಗಳ 16,409 ರೋಗಿಗಳ ಪೈಕಿ 644 ಕ್ಯಾನ್ಸರ್‌ಗಳು ಕಂಡಿದ್ದವು. ಇದು ಸಾಮಾನ್ಯ ಜನರಲ್ಲಿ ನಿರೀಕ್ಷಿಸಬಹುದಾದ ಸಂಖ್ಯೆಯ 1.14 ಪಟ್ಟು. ನಾನ್-ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್) 4.39 ಪಟ್ಟಿದ್ದರೆ, ಸ್ತನ ಕ್ಯಾನ್ಸರ್ 0.73 ಪಟ್ಟು ಮಾತ್ರ. ಇದನ್ನು ಜನಾಂಗವಾರು ಬಿಡಿಸಿ ನೋಡುವುದು ನನ್ನ ಕೆಲಸವಾಗಿತ್ತು.

ಲೆಕ್ಕದ ರೀತಿ ಸರಳವಾಗಿದ್ದರೂ ಬೇಸರ ತರಿಸುವಂಥದು. 28ನೆಯ ವಯಸ್ಸಿನಲ್ಲಿ ಲೂಪಸ್ ಪತ್ತೆಯಾಗಿ 41ರವರೆಗೆ ದಾಖಲೆಯಲ್ಲಿರುವ ಮಹಿಳೆಯ 13 ವರ್ಷಗಳನ್ನು ಐದೈದು ವರ್ಷಗಳ ವಯೋಮಾನಕ್ಕೆ ಹಂಚಿ, ಪ್ರತಿ ತುಂಡನ್ನೂ ಅದೇ ವಯಸ್ಸಿನ, ಅದೇ ಕಾಲದ ಸಾಮಾನ್ಯ ಮಹಿಳೆಯರ ಕ್ಯಾನ್ಸರ್ ದರದಿಂದ ಗುಣಿಸಬೇಕು. ಎಲ್ಲರದ್ದನ್ನೂ ಕೂಡಿದರೆ ಸಿಗುವುದು ನಿರೀಕ್ಷಿತ ಸಂಖ್ಯೆ; ನಿಜವಾಗಿ ಕಂಡ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬ ಅನುಪಾತ. ಲೂಪಸ್‌ಗೆ ಮೊದಲೇ ಇದ್ದ ಕ್ಯಾನ್ಸರ್‌ಗಳನ್ನು ಕೈಬಿಟ್ಟೆ. ಲಿಂಫೋಮಾವೇ ಆರಂಭದಲ್ಲಿ ಜ್ವರ, ಊದಿದ ದುಗ್ಧಗ್ರಂಥಿಗಳ ರೂಪದಲ್ಲಿ ಲೂಪಸ್‌ನಂತೆ ಕಾಣಿಸಬಹುದಾದ್ದರಿಂದ, ಮೊದಲ ವರ್ಷವನ್ನು ಹೊರಗಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿದೆ.

ತಪ್ಪಿದ್ದು ದರಗಳ ಆಯ್ಕೆಯಲ್ಲಿ. ಅವಸರದಲ್ಲಿ ಎಲ್ಲ ರೋಗಿಗಳಿಗೂ ಇಡೀ ದೇಶದ ಸರಾಸರಿ ದರವನ್ನೇ ಹಚ್ಚಿದ್ದೆ. ಕಪ್ಪು ರೋಗಿಗಳ ಸಾಲಿನಲ್ಲಿ ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ಗಾಬರಿ ಹುಟ್ಟಿಸುವಷ್ಟು ಎತ್ತರಕ್ಕೆ ಹೋಯಿತು. ಅಮೆರಿಕದಲ್ಲಿ ಲೂಪಸ್ ಇಲ್ಲದ ಕಪ್ಪು ಜನರಲ್ಲೂ ಮೈಲೋಮಾ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂಬುದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಲಿಂಫೋಮಾದ ವಿಷಯದಲ್ಲಿ ಇದೇ ತಪ್ಪು ತಿರುಗುಮುರುಗಾಗಿತ್ತು: ಅದು ಅಲ್ಲಿನ ಬಿಳಿಯರಲ್ಲೇ ಹೆಚ್ಚಾಗಿರುವುದರಿಂದ, ಸರಾಸರಿ ದರ ಬಳಸಿದರೆ ಕಪ್ಪು ರೋಗಿಗಳಲ್ಲಿನ ಏರಿಕೆ ಕಡಿಮೆಯಾಗಿ ತೋರುತ್ತದೆ. ಪ್ರತಿ ಗುಂಪನ್ನೂ ಅದರದೇ ಜನರ ದರಕ್ಕೆ ಹೋಲಿಸಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ.

ಆಮೇಲೆ ಎದುರಾದದ್ದು ಸಣ್ಣ ಸಂಖ್ಯೆಗಳ ಕಾಟ. 2 ನಿರೀಕ್ಷಿಸಿದಲ್ಲಿ 4 ಕಂಡರೂ, 20 ನಿರೀಕ್ಷಿಸಿದಲ್ಲಿ 40 ಕಂಡರೂ ಅನುಪಾತ ಎರಡೇ, ಆದರೆ ಶೇ. 95ರ ವಿಶ್ವಾಸದ ವ್ಯಾಪ್ತಿ (ನಿಜವಾದ ಅನುಪಾತ ಇರಬಹುದಾದ ಎಲ್ಲೆ) ಮೊದಲನೆಯದಕ್ಕೆ 0.5ರಿಂದ 5.1, ಎರಡನೆಯದಕ್ಕೆ 1.4ರಿಂದ 2.7. ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎನ್ನುವುದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ವೈದ್ಯ ಮಿತ್ರರಿಗೆ ಮನಗಾಣಿಸುವುದೇ ಗುಣಾಕಾರಕ್ಕಿಂತ ಕಷ್ಟವಾಯಿತು. ವ್ಯತ್ಯಾಸ ಕಂಡಾಗಲೂ ಅದನ್ನು ವಂಶದ ರಕ್ತಕ್ಕೆ ಕಟ್ಟುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಕಪ್ಪು, ಹಿಸ್ಪಾನಿಕ್ ಮತ್ತು ಏಷ್ಯಾ ಮೂಲದ ರೋಗಿಗಳಲ್ಲಿ ಮೂತ್ರಪಿಂಡದ ತೊಂದರೆ ಹೆಚ್ಚು. ಹಾಗಾಗಿ ಮೂತ್ರಕೋಶದ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲ ಸೈಕ್ಲೋಫಾಸ್ಫಮೈಡ್‌ನಂಥ ಔಷಧಗಳೂ ಅವರ ಪಾಲಿಗೆ ಹೆಚ್ಚು ಬೀಳುತ್ತವೆ. ಧೂಮಪಾನ, ವಿಮೆ, ಗರ್ಭಕೊರಳಿನ ತಪಾಸಣೆಗೆ ಇರುವ ಅವಕಾಶ ಎಲ್ಲವೂ ಆ ಒಂದೇ ಕಾಲಂನ ಹಿಂದೆ ಅಡಗಿರುತ್ತವೆ.

ಕಡತದಲ್ಲಿ ಹುಟ್ಟಿದ ಊರು ಬೆಂಗಳೂರು ಎಂದಿದ್ದ ಒಂದು ಸಾಲಿತ್ತು. ಜನಾಂಗದ ಕಾಲಂನಲ್ಲಿ ‘ಏಷ್ಯನ್’. ಚೀನಾ, ಜಪಾನ್, ಫಿಲಿಪೈನ್ಸ್ ಮೂಲದವರೊಡನೆ ಬೆರೆತ ದರವನ್ನು ಆಕೆಗೆ ಹಚ್ಚುವುದೋ, 1982ರಿಂದ ಕಿದ್ವಾಯಿ ಸಂಸ್ಥೆ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ದರವನ್ನೋ? ವಲಸೆ ಹೋದವರ ಕ್ಯಾನ್ಸರ್ ದರ ಕಾಲಕ್ರಮದಲ್ಲಿ ಹೊಸ ನೆಲದ ಕಡೆಗೆ ಸರಿಯುತ್ತದೆಂಬುದು ಹವಾಯಿಯ ಜಪಾನೀಯರಿಂದ ತಿಳಿದ ಸಂಗತಿ; ಆದ್ದರಿಂದ ಎರಡೂ ಪೂರ್ತಿ ಸರಿಯಲ್ಲ. ಎರಡೂ ದರಗಳಲ್ಲಿ ಲೆಕ್ಕ ಹಾಕಿದೆ. ಸಂಖ್ಯೆ ತೀರಾ ಚಿಕ್ಕದೆಂದು ಆ ಗುಂಪನ್ನೇ ಪಟ್ಟಿಯಿಂದ ತೆಗೆಯುವಂತೆ ಹಿರಿಯರೊಬ್ಬರು ಸೂಚಿಸಿದರು. ತೆಗೆಯದೆ, ಅಗಲವಾದ ವ್ಯಾಪ್ತಿಯೊಂದಿಗೇ ಉಳಿಸಿ, ಯಾವ ದರ ಬಳಸಿದೆನೆಂಬುದನ್ನು ಕೆಳಗೆ ಬರೆದಿಟ್ಟೆ.